ಮಹಿಳೆಯರ ಇತರೆ ಅನುಕೂಲ

ನಾನು ಪುರಸಭೆಗೆ ಆರಿಸಿ ಬಂದದ್ದು ನಮ್ಮ ವಾರ್ಡು ಹೆಂಗಸರಿಗೆ ಮೀಸಲಾಯಿತು ಅನ್ನುವ ಒಂದೇ ಕಾರಣಕ್ಕೆ. ಯಜಮಾನರದು ಸಿಮೆಂಟು, ಕಬ್ಬಿಣದ ಅಂಗಡಿ, ಊರಿಗೆಲ್ಲ ಪರಿಚಯ. ಪೋಸ್ಟರಿನಲ್ಲಿ ಕೈಮುಗಿದವಳು ನಾನು, ಓಟು ಬಿದ್ದದ್ದು ಅಂಗಡಿಗೆ. ಆದರೂ ಗೆದ್ದ ಮೇಲೆ ನನಗೇ ಒಂದು ಹುರುಪು ಬಂತು. ಸುಮ್ಮನೆ ಸಹಿ ಹಾಕಿ ಬೋಂಡ ತಿಂದು ಬರುವವಳು ನಾನಲ್ಲ ಅಂದುಕೊಂಡೆ.

ಬಿಡದಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಸಾತನೂರು ಕಡೆಯ ಹಳ್ಳಿಗಳಿಂದ ಹೆಣ್ಣುಮಕ್ಕಳು ಕತ್ತಲಿರುವಾಗಲೇ ಮನೆ ಬಿಟ್ಟು, ನಮ್ಮೂರಿನ ಖಾಸಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು, ಅಲ್ಲಿ ಕಂಪನಿ ಗಾಡಿಗೆ ಕಾಯುತ್ತಿದ್ದರು. ಗಂಡಸರಿಗೆ ಯಾವ ಗೋಡೆಯಾದರೂ ಆಗುತ್ತಿತ್ತು. ಇವರಿಗೆ ಮರೆ ಅನ್ನುವುದೇ ಇರಲಿಲ್ಲ. ಒಂದು ಬೆಳಿಗ್ಗೆ ಅಲ್ಲಿಗೆ ಹೂವು ತರಲು ಹೋದಾಗ ಅವರಲ್ಲೊಬ್ಬಳು, ತುಂಬು ಬಸುರಿ, ನನ್ನ ದಾರಿಗೆ ಅಡ್ಡ ನಿಂತಳು.

"ಅಕ್ಕ, ಮನೆ ಬುಟ್ಮೇಲೆ ಒಂದು ಗುಟುಕು ನೀರು ಕುಡಿಯಕ್ಕಿಲ್ಲ ನಾನು. ಕುಡುದ್ರೆ ಎಲ್ಲಿಗೋಗದು? ನೀವು ಹೆಂಗಸ್ರು ಗೆದ್ದಿದ್ದೀರಿ, ಒಸಿ ನೋಡಿ," ಅಂದಳು.

ಮಾಡಿಸಿಯೇ ತೀರುತ್ತೇನೆ ಅಂತ ಮಾತು ಕೊಟ್ಟೆ. ಬಜೆಟ್ ತಯಾರಾಗುತ್ತಿತ್ತು. ಲೆಕ್ಕದ ಗುಮಾಸ್ತರ ಮೇಜಿನ ಮುಂದೆ ಹೋಗಿ ಕೂತೆ. ಯಾವ ಬಾಬ್ತು ಮೇಡಂ ಅಂತ ಅವರು ಪೆನ್ನು ಹಿಡಿದರು. ಹೇಳಬೇಕಾದದ್ದು ಒಂದೇ ಮಾತು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. 'ಹಿತ್ತಲ ಕಡೆ ಹೋಗಿ ಬರ್ತೀನಿ' ಅನ್ನುತ್ತೇವೆ, ಹಿತ್ತಲೇ ಇಲ್ಲದ ಆರ್‌ಸಿಸಿ ಮನೆಗೆ ಬಂದು ಎಷ್ಟೋ ವರ್ಷವಾಗಿದ್ದರೂ. "ಅದೇ, ಬಸ್ ಸ್ಟ್ಯಾಂಡಿನಲ್ಲಿ ಹೆಂಗಸರಿಗೆ ಒಂದು ಅನುಕೂಲ" ಅಂದೆ. ಅವರಿಗೆ ಅರ್ಥವಾಯಿತು, ಕಿವಿ ಕೆಂಪಾಯಿತು, ಅವರೂ ತಲೆ ತಗ್ಗಿಸಿ 'ಮಹಿಳೆಯರ ಇತರೆ ಅನುಕೂಲ' ಅಂತ ಬರೆದುಕೊಂಡರು. ಎಷ್ಟು ಮರ್ಯಾದೆಯಾಗಿ ಬರೆದರಲ್ಲ ಅಂತ ನನಗೆ ಖುಷಿಯೇ ಆಯಿತು. ಮರುದಿನವೇ ಆ ಹುಡುಗಿಗೆ, ಬಜೆಟ್ಟಿನಲ್ಲಿ ಸೇರಿಸಿದ್ದೇನೆ, ಇನ್ನು ಚಿಂತೆ ಬಿಡು ಅಂದೆ. ಅವಳು ಗಾಡಿಯಲ್ಲೆಲ್ಲ ಹೇಳಿಕೊಂಡು ಬಂದಳಂತೆ.

ಬಜೆಟ್ ಸಭೆಯ ದಿನ ಅಧ್ಯಕ್ಷರು ಬಂದವರೇ ಕೈ ಚೆಲ್ಲಿದರು. ಕಂದಾಯ ವಸೂಲಿ ಆಗಿಲ್ಲ, ಖರ್ಚು ಕಡಿಮೆ ಮಾಡಲೇಬೇಕು. ಏನು ಕತ್ತರಿಸುವುದು ಅಂತ ಜಗಳ ಶುರುವಾಯಿತು. ಹೆದ್ದಾರಿಯ ಬಾಯಲ್ಲಿ ಕಟ್ಟಬೇಕೆಂದಿದ್ದ ಸ್ವಾಗತ ಕಮಾನನ್ನು ಮುಟ್ಟಬಾರದು ಅಂತ ಅರ್ಧ ಸಭೆ ಎದ್ದು ನಿಂತಿತು. ಕಾರಿನ ಫ್ಯಾಕ್ಟರಿಗೆ ಬರುವ ದೊಡ್ಡವರು ಊರಿನ ಹೆಸರು ನೋಡದೆ ಹೋದರೆ ಹೇಗೆ? ಆಮೇಲೆ ಚರಂಡಿ ಹೂಳು, ಆಮೇಲೆ ಹಂದಿ. ಹಂದಿ ಎಲ್ಲಿ ಮೇಯುತ್ತದೆ, ಏನು ತಿನ್ನುತ್ತದೆ ಅಂತ ಗಂಡಸರು ಬೋಂಡ ತಿನ್ನುತ್ತಲೇ ಎಳೆ ಎಳೆಯಾಗಿ ಬಿಡಿಸಿ ಹೇಳಿದರು. ಅವರಲ್ಲಿ ಒಬ್ಬರಿಗೂ ಸಂಕೋಚವಿರಲಿಲ್ಲ. ಹೆಂಗಸರಾದ ನಾವು ಒಂದು ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದೆವು.

ಕೊನೆಗೆ ನನ್ನ ಬಾಬ್ತು ಬಂತು. ಇದೇನ್ಲಾ ಇದು ಇತರೆ ಅನುಕೂಲ ಅಂತ ಒಬ್ಬರು ಪಕ್ಕದವರನ್ನು ಕೇಳಿದರು. ಅರಿಶಿನ ಕುಂಕುಮಕ್ಕೆ ಕರೆದು ರವಿಕೆ ಕಣ ಹಂಚೋಕಿರಬೇಕು ಅಂತ ಪಕ್ಕದವರು. ಎಲ್ಲ ನಕ್ಕರು. ಅಧ್ಯಕ್ಷರು ಕೆಟ್ಟವರಲ್ಲ. ನನ್ನ ಕಡೆ ತಿರುಗಿ, "ಏನಕ್ಕೆ ಅಂತ ಹೇಳ್ಬುಡಿ ಮೇಡಂ, ಜರೂರಿದ್ರೆ ಉಳಿಸ್ಕೊಳ್ಳಮ," ಅಂದರು.

ನಾನು ಎದ್ದು ನಿಂತೆ. ಎದುರು ಸಾಲಿನಲ್ಲಿ ಯಜಮಾನರ ಅಣ್ಣ, ನಮ್ಮ ಬಾವನವರು, ಪಕ್ಕದ ವಾರ್ಡಿನ ಸದಸ್ಯರಾಗಿ ಕೂತಿದ್ದರು. ಅವರ ಮುಂದೆ ನಾನು ಕುರ್ಚಿಯಲ್ಲಿ ಕೂರುವುದೇ ಆ ಸಭೆಯಲ್ಲಿ ಮಾತ್ರ. ಶೌಚಾಲಯ ಅನ್ನುವ ಪುಸ್ತಕದ ಮಾತಾದರೂ ಇತ್ತಲ್ಲ, ಅದೂ ಹೊರಡಲಿಲ್ಲ. "ಅದು… ಹೆಂಗಸರದ್ದು," ಅಂದು ಕೂತುಬಿಟ್ಟೆ. ಹೆಂಗಸರದ್ದಾದರೆ ಮುಂದಿನ ವರ್ಷ ನೋಡೋಣ ಅಂತ ಯಾರೋ ಅಂದರು. ಗುಮಾಸ್ತರು ಒಮ್ಮೆ ನನ್ನ ಮುಖ ನೋಡಿ ಗೆರೆ ಎಳೆದರು. ಕಮಾನು ಉಳಿಯಿತು.

ನಾಚಿಕೆ ಅನ್ನುವ ಮಾತಿಗೆ ಎರಡು ಅರ್ಥ ಇದೆ ಅಂತ ನನಗೆ ತಿಳಿದದ್ದು ಆ ದಿನ ಮನೆಗೆ ನಡೆದು ಬರುವಾಗ. ಒಂದು, ಅಮ್ಮ ಹೆಣ್ಣುಮಕ್ಕಳಿಗೆ ಇರಬೇಕು ಅಂತ ಕಲಿಸಿದ್ದು. ಇನ್ನೊಂದು, ಆಗ ನನ್ನ ಎದೆಯಲ್ಲಿ ಉರಿಯುತ್ತಿದ್ದುದು. ಒಂದಷ್ಟು ದಿನ ಹೂವನ್ನೇ ಕೊಳ್ಳಲಿಲ್ಲ.

ಎಷ್ಟು ದಿನ ತಪ್ಪಿಸಿಕೊಳ್ಳಲಿ? ಆ ಹುಡುಗಿ ಸಿಕ್ಕೇ ಸಿಕ್ಕಳು. ಬಸ್ ಸ್ಟ್ಯಾಂಡು ಗಿಜಿಗುಡುತ್ತಿತ್ತು. ಆಗಲಿಲ್ಲ ಕಣವ್ವ, ತೆಗೆದುಬಿಟ್ಟರು ಅಂದೆ.

"ಯಾರಕ್ಕ ಬ್ಯಾಡ ಅಂದೋರು?"

ಸುಳ್ಳು ಹೇಳಲು ಒಂದು ಹೆಸರು ಹುಡುಕಿದೆ, ಸಿಗಲಿಲ್ಲ. ಯಾರೂ ಬೇಡ ಅನ್ನಲಿಲ್ಲ, ಏನು ಅಂತ ಕೇಳಿದರು, ಹೇಳೋಕೆ ನನಗೆ ಬಾಯಿ ಬರಲಿಲ್ಲ ಅಂದೆ. ಅವಳು ಸೊಂಟಕ್ಕೆ ಕೈ ಕೊಟ್ಟುಕೊಂಡು ನನ್ನನ್ನೇ ನೋಡಿದಳು. ಸಿಟ್ಟಿರಲಿಲ್ಲ, ನಿಜವಾಗಿ ಅರ್ಥವಾಗದೆ ಕೇಳಿದಳು.

"ಕಕ್ಕಸು ಅನ್ನಕ್ಕೆ ಏನಕ್ಕ ಕಷ್ಟ?"

ಜೋರಾಗಿಯೇ ಕೇಳಿದಳು. ಆಗಲೂ ನಾನು ಮೊದಲು ಮಾಡಿದ ಕೆಲಸ, ಅಕ್ಕಪಕ್ಕದ ಗಂಡಸರಲ್ಲಿ ಯಾರು ಕೇಳಿಸಿಕೊಂಡರು ಅಂತ ತಿರುಗಿ ನೋಡಿದ್ದು.