ರಾಗಿ ಹರಡಿದ ಬಂಡೆ

ಕುದೂರಿನಲ್ಲಿ ಬಸ್ಸಿಳಿದು ಹೊಲದ ಬದುವಿನ ಮೇಲೆ ನಡೆದು ಬಂದಿದ್ದೇನೆ. ಬೆಳಗಿನಿಂದ ಮುಟ್ಟಿ ನೋಡಿದ ಕಲ್ಲೆಲ್ಲ ಬಿಸಿಲು ಮಳೆಗೆ ಸವೆದು ಕೈಗೇ ಉದುರುತ್ತಿತ್ತು. ಗಟ್ಟಿ ಕಲ್ಲು ಸಿಕ್ಕಿದ್ದು ಈ ಬಂಡೆಯಲ್ಲಿ ಮಾತ್ರ. ಇದರೊಳಗೆ ಜಿರ್ಕಾನ್ ಎಂಬ ಪುಟ್ಟ ಹರಳುಗಳಿವೆ. ಅವುಗಳಲ್ಲಿರುವ ಯುರೇನಿಯಂ ಬಲು ನಿಧಾನವಾಗಿ ಸೀಸವಾಗುತ್ತಿರುತ್ತದೆ. ಎಷ್ಟು ಸೀಸವಾಗಿದೆ ಎಂದು ಅಳೆದರೆ ಬಂಡೆಯ ವಯಸ್ಸು ತಿಳಿಯುತ್ತದೆ. ಇಲ್ಲಿಂದ ಒಂದು ತುಂಡು ಕಲ್ಲಾದರೂ ಒಯ್ಯದೆ ನಾನು ಬಸ್ಸು ಹತ್ತುವವಳಲ್ಲ.

ಆದರೆ ಬಂಡೆಯ ತುಂಬ ರಾಗಿ ಒಣಹಾಕಿದ್ದಾರೆ. ನಾನು ಸುತ್ತಿಗೆ ಎತ್ತಿದ್ದೇ ತಡ, ರಾಗಿ ಹರಡಿದ್ದ ಜಯಮ್ಮ ಅಡ್ಡ ಬಂದರು.

"ಹೊಡೀಬ್ಯಾಡ ಕಣವ್ವ! ಚೂರು ಹಾರಿ ರಾಗಿಗೆ ಬೀಳ್ತವೆ. ಆಮೇಲೆ ಮುದ್ದೇಲಿ ಕಲ್ಲು ಸಿಕ್ತವೆ."

ಲ್ಯಾಬಿನಲ್ಲಿ ಹೊರಗಿನ ಒಂದು ಹರಳು ಬೆರೆತರೂ ನಾನೂ ಹೀಗೆಯೇ ಕೂಗಾಡುತ್ತೇನೆ. ಆದರೂ ಬಿಡಲು ಮನಸ್ಸಾಗಲಿಲ್ಲ.

"ಆ ಮೂಲೇಲಿ ಒಂದೇ ಏಟು, ಅಕ್ಕ. ಈ ಕಲ್ಲಿಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷ ಆಗಿರಬಹುದು, ಗೊತ್ತಾ?"

ಜಯಮ್ಮ ಬಂಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ಅಷ್ಟು ವರ್ಸ ಇಲ್ಲೇ ಬಿದ್ದೈತೆ. ಇನ್ನು ಸಂಜೆಗಂಟ ಕಾಯಕಾಗಕಿಲ್ವಾ?"

ಬೂಟು ಬಿಚ್ಚಿಟ್ಟು, ಅವರಂತೆಯೇ ಪಾದ ಎಳೆಯುತ್ತಾ ರಾಗಿಯಲ್ಲಿ ಸಾಲು ಬಿಡಿಸತೊಡಗಿದೆ. ಕೆಳಗಿನದು ಮೇಲೆ ಬಂದರೆ ಬೇಗ ಒಣಗುತ್ತದಂತೆ. ಸುತ್ತಿಗೆಯನ್ನು ಮಾತ್ರ ಚೀಲಕ್ಕೆ ಹಾಕಿಲ್ಲ. ಆ ಮೂಲೆಯಲ್ಲೇ ಇಟ್ಟಿದ್ದೇನೆ.