ಭಂಕೂರಿನ ಸಾಬಮ್ಮನ ಫರ್ಸಿ ತಾಲೀಮು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಹಾಬಾದ್ ಪಕ್ಕದ ಭಂಕೂರಿನಲ್ಲಿ, ತಮ್ಮ ಮನೆಯ ಅಂಗಳದಲ್ಲಿ, ಸಾಬಮ್ಮ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ತುಂಡುಗಳ ಗುಡ್ಡೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಒಂದೊಂದೇ ತುಂಡು ಎತ್ತಿಕೊಂಡು ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ಬಡಿಯುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ. ಠಣ್ ಎಂದದ್ದು ಬಲಗಡೆಗೆ, ಬದ್ ಎಂದದ್ದು ಎಡಗಡೆಗೆ.

"ಬದ್ ಅಂತಂದ್ರ ಒಳಗ ಪದರ ಬಿಟ್ಟದ ಅಂತ ತಿಳಕೋಬೇಕು" ಎನ್ನುತ್ತಾರೆ ಅವರು. "ಇವತ್ತಲ್ಲ ನಾಳಿ ಒಡದು ಯಾರದರೆ ಕಾಲ ಮ್ಯಾಲ ಬೀಳ್ತದ. ಅಂಥ ಕಲ್ಲು ಬಚ್ಚಲಿಗಿ ಹಾಸಬೇಕು, ಕೈಗಿ ಕೊಡಬಾರದು."

ಬಲಗಡೆಗೆ ಹೋದ ತುಂಡುಗಳೇ ಮುಂದೆ ಯಾರದೋ ಮನೆಯ ವ್ಯಾಯಾಮದ ಸಾಮಾನಾಗುತ್ತವೆ. ಸಾಬಮ್ಮನ ಕಸುಬು ಅದು. ಹೆಣ್ಣುಮಕ್ಕಳು ಮನೆಯೊಳಗೇ ಮೈ ಗಟ್ಟಿ ಮಾಡಿಕೊಳ್ಳಲು ಬೇಕಾದ ಮೂಲೆಯೊಂದನ್ನು ಕಟ್ಟಿಕೊಡುವುದು, ಅದನ್ನು ಬಳಸುವುದು ಹೇಗೆಂದು ಕಲಿಸುವುದು. ಶಹಾಬಾದ್, ವಾಡಿ, ಚಿತ್ತಾಪುರದ ಗಲ್ಲಿಗಳಲ್ಲಿ ಇದಕ್ಕೆ ಇಟ್ಟಿರುವ ಹೆಸರು ಸಾಬಮ್ಮನ ತಾಲೀಮು.

ಅವರ ಬೆನ್ನ ಹಿಂದೆ ಮಗಳು ಲುಂಬಿನಿ ಉಸುಕಿನ ಚೀಲವೊಂದನ್ನು ಎದೆಗವಚಿಕೊಂಡು ಅಂಗಳದ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದಾಳೆ. ಬರುವ ವಾರ ಅವಳಿಗೆ ರೈಲ್ವೆಯ ದೈಹಿಕ ಪರೀಕ್ಷೆ. ಹಳಿ ನೋಡಿಕೊಳ್ಳುವ ಕೆಲಸಕ್ಕೆ ಬರೆದ ಪರೀಕ್ಷೆ ಪಾಸಾಗಿದೆ. ಇನ್ನುಳಿದದ್ದು ಓಟ, ಮತ್ತು ಇಪ್ಪತ್ತು ಕಿಲೋದ ಚೀಲ ಹೊತ್ತು ನೂರು ಮೀಟರ್ ನಡಿಗೆ. ನಡುವೆ ಎಲ್ಲೂ ಚೀಲ ನೆಲಕ್ಕೆ ತಾಗಬಾರದು. ಅವಕಾಶ ಒಂದೇ.

ಹೋದ ಸಲದ ಭರ್ತಿಯಲ್ಲಿ ಅವಳು ಅದನ್ನು ಕೆಳಗೆ ಬಿಟ್ಟಿದ್ದಳು.

"ಏ ಪೋರಿ, ಜರಾ ಬಿಗಿ ಕಟ್ಟೇನು ತಾ ಇಲ್ಲಿ" ಎಂದು ಹೊಸ್ತಿಲ ಮೇಲೆ ಚಹಾ ಕುಡಿಯುತ್ತಾ ಕೂತ ತಂದೆ ಭೀಮಶ್ಯಾ ಕೂಗುತ್ತಾರೆ. ಅವರು ಫರ್ಸಿ ಕೊಯ್ಯುವ ಮಷೀನಿನ ಮೇಲೆ ಕೆಲಸ ಮಾಡುವವರು. ಜೋತು ಬೀಳುವ ವಸ್ತುವನ್ನು ಕಂಡರೆ ಅವರಿಗಾಗದು.

"ಅಲ್ಲಿ ಸಾಹೇಬ್ರು ನಿಮ್ಮನ್ನ ಕೇಳಿ ಚೀಲ ಕಟ್ತಾರೇನ್ರಿ?" ಸಾಬಮ್ಮ ತಿರುಗಿಯೂ ನೋಡುವುದಿಲ್ಲ. "ಸಡ್ಲ ಇರ್ಲಿ. ಅಲ್ಲಿ ಇದಕ್ಕಿಂತ ಸಡ್ಲ ಸಿಗಬಾರದು, ಅಷ್ಟು ಸಡ್ಲ ಇರ್ಲಿ."

"ನೋಡ್ರಿ, ಮನ್ಯಾಗ ನನ್ನ ಕಿಮ್ಮತ್ತು" ಎಂದು ಭೀಮಶ್ಯಾ ತಾಲೀಮು ನೋಡಲು ಬಂದವರ ಕಡೆ ತಿರುಗಿ ನಗುತ್ತಾರೆ. "ಮಷೀನ್ ಮ್ಯಾಲ ಕಲ್ಲು ಮಾತು ಕೇಳ್ತಾವ, ಇಲ್ಲಿ ಯಾರೂ ಕೇಳಂಗಿಲ್ಲ."

ಸಾಬಮ್ಮನಿಗೆ ಐವತ್ತು ದಾಟಿರಬೇಕು. ಹುಟ್ಟಿದ ತಾರೀಖು ಗೊತ್ತಿಲ್ಲ. ಮದುವೆಯಾಗಿ ಈ ಊರಿಗೆ ಬಂದ ವರ್ಷವೇ ಖಣಿಗೆ ಇಳಿದವರು. ಗಂಡಸರು ಎಬ್ಬಿಸಿದ ಫರ್ಸಿಯನ್ನು ತಲೆಯ ಮೇಲೆ ಸಿಂಬಿ ಇಟ್ಟು ಹೊತ್ತು ಮೇಲೆ ತರುವುದು, ಲಾರಿಗೆ ಏರಿಸುವುದು, ಸಂಜೆ ಮತ್ತೆ ಮನೆಗೆಲಸ. ಜೊತೆಯ ಹೆಂಗಸರು ಒಬ್ಬೊಬ್ಬರೇ ನಡು ಹಿಡಿದುಕೊಂಡು ಮೂಲೆ ಸೇರುವುದನ್ನು ನೋಡಿದರು. ತಮ್ಮ ನಡು ಮಾತ್ರ ಯಾಕೆ ಉಳಿಯಿತು ಎಂದು ಕೇಳಿದರೆ ಅವರಿಗೆ ನಗು ಬರುತ್ತದೆ.

"ನಮ್ಮತ್ತಿ ಬೈದು ಬೈದು ಕಲಿಸ್ಯಾಳ್ರಿ. ಬಗ್ಗಿ ಎತ್ತಿದ್ರ ಹಿಂದಿಂದ ಒದೀತಿದ್ಲು. ಕುಂತು ಎತ್ತು, ಕುಂತು ಎತ್ತು ಅಂತಿದ್ಲು. ಆವಾಗ ಭಾಳ ಸಿಟ್ಟು ಬರ್ತಿತ್ತು. ಈಗ ದಿನಾ ನೆಪ್ಪ ಮಾಡ್ತೀನಿ ಆಕಿನ್ನ."

ಖಣಿ ಮುಚ್ಚಿ ಕೆಲಸ ನಿಂತಾಗ ಈ ಹೊಸ ಕಸುಬು ಶುರುವಾಯಿತು. ಅದು ಕಸುಬಾಗುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಶಾಲೆಯಲ್ಲಿ ಓಟದಲ್ಲಿ ಮುಂದಿದ್ದ ಲುಂಬಿನಿ ಜಿಮ್ಮಿಗೆ ಹೋಗಬೇಕೆಂದಳು. ಪೇಟೆಯ ಜಿಮ್ಮು ಇರುವುದು ಮಹಡಿಯ ಮೇಲೆ, ಬಾಗಿಲ ತುಂಬ ಹುಡುಗರು. ಒಂದು ದಿನ ಹೋಗಿ ಬಂದವಳು ಮರುದಿನ ಹೋಗಲಿಲ್ಲ. ತಾಯಿ ಕಾರಣ ಕೇಳಲಿಲ್ಲ. ಪಾಲಿಶ್ ಕಾರ್ಖಾನೆಯ ಹಿಂದೆ ಬೇಡವೆಂದು ಎಸೆದ ತುಂಡುಗಳಿರುತ್ತವಲ್ಲ, ಅವನ್ನು ಬುಟ್ಟಿಯಲ್ಲಿ ಹೊತ್ತು ತಂದರು. ಭೀಮಶ್ಯಾ ನಡುವೆ ತೂತು ಕೊರೆದುಕೊಟ್ಟರು. ನಳದ ಹಳೆಯ ಪೈಪಿಗೆ ಎರಡು ಕಡೆ ಫರ್ಸಿ ಪೋಣಿಸಿ, ಸೈಕಲ್ ಟ್ಯೂಬು ಸುತ್ತಿ ಬಿಗಿದರೆ ಡಂಬಲ್ ಆಯಿತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಕ ನೋಡಿದರು. ತೊಟ್ಟಿಲು ಕಟ್ಟುವ ಕೊಂಡಿಗೆ ಹಗ್ಗ ಹಾಕಿ, ಬಾವಿಯ ಗಾಲಿ ತೂಗುಬಿಟ್ಟು, ಹಗ್ಗದ ತುದಿಗೆ ಕಲ್ಲು ಕಟ್ಟಿದರೆ ತೋಳಿಗೆ ಬಲ ಬರುವ ಯಂತ್ರವೂ ಆಯಿತು.

ಓಣಿಯ ಮುದುಕಿಯರು ಹಿಂಗೆಲ್ಲ ಮಾಡಬಾರದೆಂದರು. ಕೂಸಿಲ್ಲದ ಕೊಂಡಿಗೆ ಭಾರ ಹಾಕಿದರೆ ಮನೆಗೆ ಒಳ್ಳೆಯದಲ್ಲವಂತೆ.

"ನಾ ಅಂದೆ, ಯಮ್ಮಾ, ಇಪ್ಪತ್ತು ವರ್ಷದ ಕೂಸು ಜೋತು ಬಿದ್ದದ, ನೀನೇ ಬಂದು ತೂಗು ಅಂತ."

ನಗುತ್ತಲೇ ಒಬ್ಬೊಬ್ಬರಾಗಿ ನೋಡಲು ಬಂದರು. ನೋಡಿದವರು ನಮಗೂ ಕಟ್ಟಿಕೊಡು ಎಂದರು. ಒಬ್ಬಳಿಗೆ ಹೆರಿಗೆಯಾದ ಮೇಲೆ ನಡು ನೋವು, ಇನ್ನೊಬ್ಬಳಿಗೆ ಬೀಡಿ ಕಟ್ಟಿ ಕಟ್ಟಿ ಹೆಗಲು ಹಿಡಿದಿದೆ, ಮತ್ತೊಬ್ಬಳಿಗೆ ಪೊಲೀಸ್ ಆಗಬೇಕು. ಸಾಬಮ್ಮ ಎಲ್ಲರಿಗೂ ಒಂದೇ ಸಾಮಾನು ಕೊಡಲಿಲ್ಲ. ಕೇಳಿಕೊಂಡು ಬಂದ ಹೆಂಗಸಿಗೆ ಮೊದಲು ನೀರು ತುಂಬಿದ ಕೊಡ ಎತ್ತಲು ಹೇಳುತ್ತಾರೆ. ಎತ್ತುವ ರೀತಿ ನೋಡಿ ಯಾವ ಕಲ್ಲು, ಎಷ್ಟು ದಪ್ಪ ಎಂದು ಅಲ್ಲೇ ನಿಶ್ಚಯ. ವ್ಯಾಯಾಮ ಮಾಡುವ ಜಾಗದಲ್ಲಿ ಪಾಲಿಶ್ ಮಾಡಿದ ಫರ್ಸಿ ಇದ್ದರೆ ಅದರ ಮೇಲೆ ಗೋಣಿತಾಟು ಹಾಸಿಸುತ್ತಾರೆ. ಬೆವರು ಬಿದ್ದ ಪಾಲಿಶ್ ಕಲ್ಲು ಎಣ್ಣೆ ಹಚ್ಚಿದಂತಿರುತ್ತದೆ ಎಂಬುದು ಈ ಭಾಗದಲ್ಲಿ ಮಕ್ಕಳಿಗೂ ಗೊತ್ತು, ಆದರೂ ಮನೆಯೆಲ್ಲ ಹೊಳೆಯಲೇಬೇಕು ಎಲ್ಲರಿಗೂ.

ಕೂಲಿ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಸಂಕೋಚವಿಲ್ಲ. "ಪುಕ್ಕಟ ಕೊಟ್ಟಿದ್ದು ಮೂಲ್ಯಾಗ ಬಿದ್ದಿರ್ತದ. ರೊಕ್ಕ ಕೊಟ್ಟಿದ್ದು ದಿನಾ ಕಣ್ಣಿಗಿ ಚುಚ್ಚತದ."

ಕೆಲವೊಮ್ಮೆ ರೊಕ್ಕ ಕೊಟ್ಟದ್ದೂ ಮೂಲೆ ಸೇರುತ್ತದೆ ಎನ್ನಲು ಶಹಾಬಾದಿನ ರಶೀದಾಬೇಗಂ ಅವರ ಮನೆಯೇ ಸಾಕ್ಷಿ. ಸಕ್ಕರೆ ಕಾಯಿಲೆಯ ತಾಯಿಗೆಂದು ಮಗ ತರಿಸಿದ ವ್ಯಾಯಾಮದ ಸೈಕಲ್ಲಿನ ಮೇಲೆ ಈಗ ಒಗೆದ ಬಟ್ಟೆಗಳು ಒಣಗುತ್ತಿವೆ. ಅದರ ಪಕ್ಕದಲ್ಲೇ ಸಾಬಮ್ಮನ ಎರಡು ಫರ್ಸಿ ಡಂಬಲ್ಲುಗಳು, ಕೂತು ಏಳಲು ಒಂದು ಕಲ್ಲಿನ ಕಟ್ಟೆ.

"ಸೈಕಲ್ ಏನೂ ಬೈಯಂಗಿಲ್ಲ ನೋಡ್ರಿ, ಅದಕ್ಕ ಸುಮ್ ಕುಂತದ" ಎಂದು ರಶೀದಾಬೇಗಂ ಕಟ್ಟೆಯಿಂದ ಏಳುತ್ತಾ ಏದುಸಿರಲ್ಲಿ ಹೇಳುತ್ತಾರೆ. "ಈ ಸಾಬಮ್ಮ ವಾರಕ್ಕೊಮ್ಮಿ ಬಂದು ಬೈತಾಳಲ್ಲಾ, ಆ ಅಂಜಿಕಿಗೇ ಮಾಡ್ತೀನಿ."

"ಮಾತಾಡಬ್ಯಾಡ್ರಿ ಆಪಾ, ಏಳ್ರಿ. ಕೈ ಊರಬ್ಯಾಡ್ರಿ" ಎಂದು ಪಕ್ಕದಲ್ಲೇ ನಿಂತ ಸಾಬಮ್ಮ ಗದರುತ್ತಾರೆ.

"ಕಂಡ್ರಲ್ಲಾ? ಹಿಂಗ."

ಹಿಂದಿನ ಭರ್ತಿಯ ಪರೀಕ್ಷೆಗೆ ಲುಂಬಿನಿ ಹೋಗುವಾಗ ಓಣಿಯೇ ಹೊರಗೆ ಬಂದು ನಿಂತಿತ್ತು. ಇಪ್ಪತ್ತು ಕಿಲೋ ಅವಳಿಗೆ ಯಾವ ಲೆಕ್ಕ? ಅದಕ್ಕೂ ಹೆಚ್ಚು ತೂಕದ ಫರ್ಸಿ ಹೊತ್ತು ದಿನಾ ಅಂಗಳ ಸುತ್ತುತ್ತಿದ್ದವಳು. ಓಟ ಸಲೀಸಾಗಿ ಮುಗಿಯಿತು. ಚೀಲ ಎತ್ತಿ ಅರ್ಧ ದಾರಿ ನಡೆದಿದ್ದಳಷ್ಟೆ, ಒಳಗಿನ ಉಸುಕು ಒಂದು ಕಡೆಗೆ ಸರಿಯಿತು. ಹಿಡಿದ ಕೈ ಹಿಡಿದಂತೆಯೇ ಇದ್ದರೂ ಚೀಲ ಜಾರಿ ಕೆಳಗೆ ಬಿತ್ತು.

"ಕಲ್ಲು ಎಲ್ಲಿ ಹಿಡೀತೀವೋ ಅಲ್ಲೇ ಇರ್ತದ" ಎಂದು ಲುಂಬಿನಿ ಈಗ ಬಿಡಿಸಿ ಹೇಳುತ್ತಾಳೆ. "ಉಸುಕು ಹಂಗಲ್ಲ. ನಿದ್ದಿ ಹತ್ತಿದ ಕೂಸಿನಂಗ ಜೋತು ಬೀಳ್ತದ. ನಮ್ಮ ಮನ್ಯಾಗ ಎಲ್ಲಾ ಕಲ್ಲೇ. ಉಸುಕು ಹೊತ್ತು ನೋಡಬೇಕು ಅಂತ ಯಾರಿಗೂ ಹೊಳೀಲೇ ಇಲ್ಲ."

ಕಲ್ಲಿನ ಊರಿನವರಿಂದಲ್ಲದೆ ಇನ್ಯಾರಿಂದ ಆದೀತು ಈ ತಪ್ಪು? ತೂಕವೆಂದರೆ ಅವರಿಗೆ ಕಲ್ಲು, ಕಲ್ಲೆಂದರೆ ತೂಕ.

ಊರು ಸುಮ್ಮನಿರಲಿಲ್ಲ. ಸ್ವಂತ ಮಗಳ ಕೈಯಲ್ಲೇ ನಿಲ್ಲದ ವಿದ್ಯೆ ನಮಗೇನು ಕಲಿಸುತ್ತಾಳೆ ಎಂದು ನಳದ ಹತ್ತಿರ ಮಾತು ಹುಟ್ಟಿತು. ಕೆಲವರು ಡಂಬಲ್ಲುಗಳನ್ನು ತಂದು ಸಾಬಮ್ಮನ ಬಾಗಿಲಲ್ಲಿ ಇಟ್ಟು ಹೋದರು. ಮಗಳು ಎರಡು ದಿನ ಊಟ ಬಿಟ್ಟಳು. ತಾಯಿ ಮೊದಲ ದಿನ ತಾವೂ ಉಣ್ಣಲಿಲ್ಲ. ಎರಡನೆಯ ದಿನ ಖಾಲಿ ಸಿಮೆಂಟ್ ಚೀಲ ಹಿಡಿದು ಮನೆ ಕಟ್ಟುತ್ತಿದ್ದ ಕಡೆಗೆ ಹೋಗಿ, ಉಸುಕು ತುಂಬಿಸಿಕೊಂಡು ತಂದರು. ಮೊದಲು ತಾವೇ ಹೊತ್ತರು. ಮೂವತ್ತು ವರ್ಷ ಕಲ್ಲು ಹೊತ್ತ ಹೆಂಗಸಿನ ಕೈಯಿಂದಲೂ ಅದು ಜಾರಿತು.

"ನನಗ ಆವಾಗ ಸಮಾಧಾನ ಆಯ್ತು ನೋಡ್ರಿ" ಎನ್ನುತ್ತಾರೆ. "ತಪ್ಪು ಪೋರಿದಲ್ಲ, ನಂದು. ನಂದಾದ್ರ ನಾ ರಿಪೇರಿ ಮಾಡ್ತೀನಲ್ಲಾ."

ಬೀಳಿಸಿ, ಎತ್ತಿ, ಮತ್ತೆ ಬೀಳಿಸಿ ದಾರಿ ಕಂಡುಕೊಂಡರು. ಚೀಲವನ್ನು ಬಾಯಿಯ ಕಡೆ ಹಿಡಿಯಬಾರದು. ಒಂದು ಕೈ ಬುಡಕ್ಕೆ, ಇನ್ನೊಂದು ಸುತ್ತ ಬಳಸಿ, ಎದೆಗೆ ಒತ್ತಿಕೊಳ್ಳಬೇಕು. ಉಸುಕು ಸರಿದ ಕಡೆಗೆ ಮೈಯನ್ನೂ ತುಸು ಸರಿಸಬೇಕು, ಎದುರು ಎಳೆಯಬಾರದು. ಆಮೇಲೆ ಕಲ್ಲು ಕೊಟ್ಟ ಪ್ರತಿ ಮನೆಗೂ ಹೋಗಿ, ಪರೀಕ್ಷೆಗೆ ತಯಾರಾಗುವ ಹುಡುಗಿಯರಿಗೆ ಒಂದೊಂದು ಉಸುಕಿನ ಚೀಲವನ್ನೂ ಇಟ್ಟು ಬಂದರು. ನನ್ನಿಂದ ತಪ್ಪಾಗಿತ್ತು, ಇದನ್ನೂ ಹೊರಬೇಕಾಗಿತ್ತು ಎಂದು ಹೇಳಿಯೇ ಇಟ್ಟರು. ಹಾಗೆ ಬಾಯಿ ಬಿಟ್ಟು ಹೇಳಿದ್ದಕ್ಕೋ ಏನೋ, ಬಿಟ್ಟುಹೋದವರು ಒಬ್ಬೊಬ್ಬರೇ ಮರಳಿದರು. ಪೂರ್ತಿ ನಂಬಿಕೆ ಮಾತ್ರ ಈ ಪರೀಕ್ಷೆಗೆ ಕಾದು ನಿಂತಿದೆ. ಅದು ಸಾಬಮ್ಮನಿಗೂ ಗೊತ್ತು. ಗೊತ್ತಿದ್ದೇ ಅವರು ಆ ಮಾತನ್ನು ಮಗಳ ಮುಂದೆ ಎತ್ತುವುದಿಲ್ಲ.

ಪರೀಕ್ಷೆಯ ದಿನ ತಾಯಿ ಮಗಳು ಇಬ್ಬರೇ ಹೋಗುತ್ತಾರೆ. ಈ ಸಲ ಓಣಿಗೆ ತಾರೀಖು ಹೇಳಿಲ್ಲ. ಮೈದಾನದ ಗೇಟಿನ ಹೊರಗೆ ಜಾಲಿ ಮರದ ನೆರಳಲ್ಲಿ ಸಾಬಮ್ಮ ಕೂರುತ್ತಾರೆ. ಅಲ್ಲಿಂದ ಒಳಗಿನದೇನೂ ಕಾಣುವುದಿಲ್ಲ, ಸೀಟಿಯ ಸದ್ದಷ್ಟೇ. ಪ್ರತಿ ಸೀಟಿಗೂ ಅವರ ಎರಡು ಕೈ ಮಡಿಲಲ್ಲೇ ಏನನ್ನೋ ಅವಚಿಕೊಂಡಂತೆ ಬಿಗಿಯುತ್ತವೆ.

ಬಿಸಿಲು ಏರಿದ ಮೇಲೆ ಲುಂಬಿನಿ ಹೊರಬರುತ್ತಾಳೆ. ಅಂಗಿಯ ಮುಂಭಾಗವೆಲ್ಲ ಉಸುಕು. ಮುಖ ನೋಡಿದರೆ ಏನೂ ತಿಳಿಯದು. ಹತ್ತಿರ ಬಂದವಳೇ ತಾಯಿಯ ಹೆಗಲ ಮೇಲೆ ತಲೆಯಿಟ್ಟು, "ಬೀಳಲಿಲ್ಲ ಯವ್ವಾ" ಎನ್ನುತ್ತಾಳೆ. "ಗೆರಿ ದಾಟಿದ್ಮ್ಯಾಲೂ ಬಿಡ್ಲಿಲ್ಲ ನಾ. ಸಾಹೇಬ್ರೇ ಇಳಸವ್ವಾ, ಸಾಕು ಅಂದ್ರು."

"ನಡು?"

"ಏನೂ ಆಗಿಲ್ಲ."

ಸಾಬಮ್ಮ ಸೆರಗಿನಿಂದ ಮಗಳ ಅಂಗಿಯ ಉಸುಕು ಝಾಡಿಸುತ್ತಾರೆ. ಝಾಡಿಸಿದ್ದನ್ನೇ ಮತ್ತೆ ಝಾಡಿಸುತ್ತಾರೆ. ವೈದ್ಯಕೀಯ ಪರೀಕ್ಷೆ, ಕಾಗದಪತ್ರ ಇನ್ನೂ ಇವೆ, ಅದೆಲ್ಲ ಮುಂದಿನ ಮಾತು. ಭೀಮಶ್ಯಾಗೆ ಫೋನ್ ಹಚ್ಚಿದರೆ ಆ ಕಡೆಯಿಂದ ಮೊದಲು ಮಷೀನಿನ ಸದ್ದು, ಮಷೀನು ನಿಂತ ಮೇಲೆ ಮೂಗೆಳೆಯುವ ಸದ್ದು. "ಧೂಳು, ಧೂಳು" ಎನ್ನುತ್ತಾರೆ ಭೀಮಶ್ಯಾ.

ಇನ್ನೇನು ಹೊರಡಬೇಕು, ಗೋಡೆಯ ಬುಡದಲ್ಲಿ ಒಬ್ಬ ಹುಡುಗಿ ಮೊಣಕಾಲ ನಡುವೆ ತಲೆ ಹುದುಗಿಸಿ ಕೂತಿರುವುದು ಸಾಬಮ್ಮನ ಕಣ್ಣಿಗೆ ಬೀಳುತ್ತದೆ. ಅವಳ ಅಂಗೈಗೂ ಉಸುಕು ಮೆತ್ತಿದೆ. ಸಾಬಮ್ಮ ಹೋಗಿ ಎದುರಿಗೆ ಕೂರುತ್ತಾರೆ.

"ಜಾರ್ತೇನು?"

ಹುಡುಗಿ ತಲೆಯಾಡಿಸುತ್ತಾಳೆ. ಹೆಸರು ಶ್ರುತಿಯಂತೆ, ಚಿಂಚೋಳಿ ಕಡೆಯ ಕೊಡ್ಲಿಯವಳಂತೆ. ಹೊಲದಲ್ಲಿ ಬಿಗಿಯಾಗಿ ತುಂಬಿದ ತೊಗರಿಯ ಚೀಲ ಹೊತ್ತು ರೂಢಿಯಿತ್ತಂತೆ. ಮುಗಿಯಿತು, ಇನ್ನೇನಿದೆ ಅನ್ನುತ್ತಾಳೆ.

"ಏನೂ ಮುಗದಿಲ್ಲ. ಈಕಿನೂ ಹೋದ ಸಲ ಹಿಂಗೇ ಅತ್ತಾಳ" ಎಂದು ಸಾಬಮ್ಮ ಮಗಳತ್ತ ಕೈ ತೋರಿಸುತ್ತಾರೆ. ಮತ್ತೆ ಹುಡುಗಿಯ ಅಂಗೈ ಹಿಡಿದು, ಬೆರಳಿನ ಬುಡದ ಜಡ್ಡುಗಟ್ಟಿದ ಚರ್ಮವನ್ನು ಒತ್ತಿ ನೋಡುತ್ತಾರೆ. ಕೈ ಒಪ್ಪಿಗೆಯಾಗಿರಬೇಕು.

"ನಾ ನಿಮ್ಮ ಊರಿಗಿ ಕಲಿಸ್ಲಾಕ ಬರಬೇಕಂದ್ರ ಮುಂಜಾನಿ ಮೊದಲ್ನೇ ಬಸ್ಸು ಎಷ್ಟಕ್ಕ ಅದವ್ವಾ?"