ಅಕ್ಕ ಉಳಿಸಿದ ಅಲಾರಂ

ಮೊನ್ನೆ ಲ್ಯಾಬಿನಲ್ಲಿ ಯಾರೋ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದರು. ಕರಗಿದ ರಾಳದ ಹೊಗೆ ಮೂಗಿಗೆ ತಾಗಿದ್ದೇ ತಡ, ತೆಲುಗು ನಾಡಿನ ಮಧುರವಾಡದಲ್ಲಿದ್ದ ನನ್ನ ಮೊದಲ ಕಚೇರಿ ನೆನಪಾಯಿತು. ಅಲ್ಲಿ ನಮ್ಮ ತಂಡವನ್ನು ನಡೆಸುತ್ತಿದ್ದವರು ಎಲ್ಲರಿಗೂ ಮೇಡಂ, ನನಗೆ ಮಾತ್ರ ಅಕ್ಕ. ತಾಯಿಯ ಕಡೆಯಿಂದ ಬಳ್ಳಾರಿಯವರು. ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದರು, ನಡುನಡುವೆ ತೆಲುಗು ನುಸುಳುತ್ತಿತ್ತು…

ರೋಗಿಯ ರಕ್ತನಾಳಕ್ಕೆ ಔಷಧಿ ಹರಿಸುವ ಪಂಪಿಗೆ ನಾವು ಸಾಫ್ಟ್‌ವೇರ್ ಬರೆಯುತ್ತಿದ್ದೆವು. ಕೋಡಿನಲ್ಲಿ ತಪ್ಪಿದ್ದು ಪ್ರೊಸೆಸರ್ ತನ್ನದಲ್ಲದ ಮೆಮೊರಿಗೆ ಕೈಹಾಕಿದರೆ ಇದ್ದ ಕೆಲಸ ಬಿಟ್ಟು ಫಾಲ್ಟ್ ಹ್ಯಾಂಡ್ಲರ್ ಎಂಬ ಪುಟ್ಟ ಕೋಡಿಗೆ ಜಿಗಿಯುತ್ತದೆ. ಅಲ್ಲಿ ಏನಾಗಬೇಕು ಎಂಬುದೇ ಜಗಳ. ಸದ್ದಿಲ್ಲದೆ ರೀಸೆಟ್ ಆಗಿ, ಮೊದಲಿಂದ ಶುರುವಾಗಿ, ಪಂಪು ಮುಂದುವರಿಯಲಿ ಎಂದರು ಮ್ಯಾನೇಜರ್. ರೀಸೆಟ್ ಆದರೆ ಈಗಾಗಲೇ ಎಷ್ಟು ಔಷಧಿ ಹೋಗಿದೆ ಎಂಬುದೇ ಪಂಪಿಗೆ ಮರೆತುಹೋಗುತ್ತದೆ ಎಂದರು ಅಕ್ಕ. ಮೊದಲು ಮೋಟಾರ್ ನಿಲ್ಲಬೇಕು, ಅಲಾರಂ ಕೂಗಬೇಕು, ಎಲ್ಲಿ ಎಡವಿತೆಂಬುದು ದಾಖಲಾಗಬೇಕು. ನರ್ಸ್ ನೋಡಿ ಗುಂಡಿ ಒತ್ತಿದ ಮೇಲೇ ಪಂಪು ಮತ್ತೆ ಹೊರಡಬೇಕು.

ಆಸ್ಪತ್ರೆಯವರ ಮುಂದೆ ಪಂಪು ಕೂಗಿಕೊಂಡರೆ ಕಂಪನಿಯ ಮರ್ಯಾದೆ ಹೋಗುತ್ತದೆಂದು ಮ್ಯಾನೇಜರ್ ರೇಗಿದರು. ಹೊರಗೆ ಬಂದು ಅಕ್ಕ ನನಗೆ, "ಮರ್ಯಾದೆ ಹೋದ್ರೆ ಹೋಗ್ಲಮ್ಮಾ. ಪೇಷಂಟ್ ಹೋದ್ರೆ ಯಾರು ತಂದ್ಕೊಡ್ತಾರೆ?" ಎಂದು ಹೇಳಿ, ಅಲಾರಂ ಸೇರಿಸಿಯೇ ಬಿಟ್ಟರು.

ವಿಜಯವಾಡದ ಬೆಂಜ್ ಸರ್ಕಲ್ ಬಳಿಯ ಆಸ್ಪತ್ರೆಯೊಂದರಲ್ಲಿ ಪರೀಕ್ಷೆ ನಡೆಯಿತು. ರೋಗಿಯಿರಲಿಲ್ಲ, ಅಳತೆಯ ಗಾಜಿನ ಪಾತ್ರೆಗೆ ಪಂಪಿನಿಂದ ನೀರು ಬಿಟ್ಟಿದ್ದೆವು. ಹಿರಿಯ ನರ್ಸ್ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರು. ಪಂಪು ನಿಂತಿತು, ಅಲಾರಂ ಕಿರುಚಿತು. ಡಾಕ್ಟರುಗಳೆಲ್ಲ ತಿರುಗಿ ನೋಡಿದರು. ಅಕ್ಕ ಲ್ಯಾಪ್‌ಟಾಪ್ ಜೋಡಿಸಿ ದಾಖಲೆ ತೆರೆದರು. ಗುಂಡಿಗಳನ್ನು ಓದುವ ಕೋಡಿನಲ್ಲೇ ತಪ್ಪು. ಅದನ್ನು ಬರೆದವಳು ನಾನು. ಅಕ್ಕ ನನ್ನತ್ತ ಒಮ್ಮೆ ನೋಡಿ, ಡಾಕ್ಟರುಗಳ ಕಡೆ ತಿರುಗಿ, "ತಪ್ಪು ಮಾದೇ," ನಮ್ಮದೇ ತಪ್ಪು, ಎಂದಷ್ಟೇ ಹೇಳಿದರು. ಯಾರದೆಂದು ಹೇಳಲಿಲ್ಲ.

ಪಂಪುಗಳನ್ನು ಕೊಳ್ಳಬೇಕಿದ್ದ ಆ ಆಸ್ಪತ್ರೆಯ ಆರ್ಡರ್ ಕೈತಪ್ಪಿತು. ಅಕ್ಕನನ್ನು ತಂಡದಿಂದ ತೆಗೆದರು.

"ಅಕ್ಕಾ, ಅದು ನನ್ನ ಕೋಡು ಅಂತ ಹೇಳಿಬಿಡ್ತೀನಿ."

"ಹೇಳಿದ್ರೆ ನಿನ್ನೂ ಕಳಿಸ್ತಾರೆ, ಅಷ್ಟೇ ಕದಾ? ಇದ್ದು ಸರಿ ಮಾಡು. ಅಲಾರಂ ಮಾತ್ರ ಯಾರು ಹೇಳಿದ್ರೂ ತೆಗೀಬೇಡಮ್ಮಾ."

ತಿಂಗಳೊಳಗೆ ಅವರು ಕೆಲಸವನ್ನೇ ಬಿಟ್ಟರು. ನಾನು ತಪ್ಪು ತಿದ್ದಿದೆ. ಅಲಾರಂ ತೆಗೆಯಲು ಮ್ಯಾನೇಜರ್ ಎರಡು ಸಲ ಹೇಳಿದರು. ಎರಡು ಸಲವೂ ಆಗುವುದಿಲ್ಲ ಎಂದೆ. ಪಂಪು ಅಲಾರಂ ಸಮೇತವೇ ಮಾರುಕಟ್ಟೆಗೆ ಹೋಯಿತು. ಆದರೆ ಆ ತಪ್ಪು ನನ್ನದೆಂದು ಮಾತ್ರ ಬಾಯಿಬಿಡಲಿಲ್ಲ… ವರ್ಷಗಳು ಹೋದವು.

ಹೋದ ವರ್ಷ ಅಕ್ಕ ಕಾಯಿಲೆಯಿಂದ ತೀರಿಕೊಂಡರು. ಹಳೆಯ ಸಹೋದ್ಯೋಗಿಗಳು ಸೇರಿದ ಸಂತಾಪ ಸಭೆಯಲ್ಲಿ ಅದೇ ಮ್ಯಾನೇಜರ್, "ಒಳ್ಳೆಯ ಎಂಜಿನಿಯರ್, ಆದರೆ ಹಟಮಾರಿ. ಆ ಹಟದಿಂದಲೇ ಆರ್ಡರ್ ಹೋಯಿತು," ಎಂದರು. ನಾನು ಎದ್ದು ನಿಂತೆ. "ಆರ್ಡರ್ ಹೋಗಿದ್ದು ನನ್ನ ತಪ್ಪಿನಿಂದ ಸಾರ್. ಅವರ ಹಟ ಇಲ್ಲದಿದ್ದರೆ ಆ ತಪ್ಪು ರೋಗಿಯ ಮಂಚದ ತನಕ ಹೋಗುತ್ತಿತ್ತು."

ಈಗ ಹೊಸದಾಗಿ ಸೇರಿದವರಿಗೆ ಈ ಕಥೆಯನ್ನು ನಾನೇ ಹೇಳುತ್ತೇನೆ, ತಪ್ಪು ನನ್ನದೆಂಬುದನ್ನೂ ಸೇರಿಸಿ. ಅವರೆಲ್ಲ ಕೇಳುತ್ತಾರೆ. ಕೇಳಬೇಕಾಗಿದ್ದ ಒಬ್ಬರು ಮಾತ್ರ ಇಲ್ಲ…